ಗಣಿಯೂರುಗಳ ದಾರಿ

ರಜಾದಿನಗಳಲ್ಲಿ ಹೆದ್ದಾರಿಯನ್ನು ಬಿಟ್ಟು, ಒಳದಾರಿಗಳಲ್ಲಿ ಮೋಟಾರು ಗಾಡಿಯನ್ನೋಡಿಸಿಕೊಂಡು ನಾಡನ್ನು ನೋಡುವ ಹವ್ಯಾಸವು ನಮ್ಮ ಪಟ್ಟಣಿಗರಲ್ಲಿ ದಿನೇ ದಿನೇ ಬೆಳೆಯುತ್ತಿರುವುದು ಸಂತೋಷಕರವಾದ ವಿಷಯವು. ತಾನು ಹುಟ್ಟಿದ ಸೀಮೆಯನ್ನು ಕಣ್ಣಾರೆ ಕಾಣದವನಿಗೆ ಅದರಲ್ಲಿ ಅಭಿಮಾನವು ಎಲ್ಲಿಂದ ಬಂದೀತು? ೨೦೧೮ರಲ್ಲಿ ಕೆ. ಜಿ. ಎಫ್. ಎಂಬ ಚಲನಚಿತ್ರವು ಹೊರಬಂದ ಮೇಲಂತೂ ಕೋಲಾರದ ಚಿನ್ನದ ಗಣಿಗಳ ಹೆಸರು ದೇಶವೆಲ್ಲ ಹಬ್ಬಿದೆ. ಆದರೆ ಚಿತ್ರದ ಕಥೆಯು ಕಲ್ಪನೆ. ಗಣಿಗಳ ಕಥೆಯು ನಿಜ. ಮೊದಲನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡನೆಯದರ ನಡುವೆ ಹಾದುಹೋಗುವವರು ಏನನ್ನು ಕಂಡು, ಏನನ್ನು ಕಾಣದೆ ಹಿಂದಿರುಗುತ್ತಾರೆಂಬುದು ವಿಚಾರಾರ್ಹವಾಗಿದೆ.

ದಾರಿಯು ರಮಣೀಯವಾದುದೆಂಬುದರಲ್ಲಿ ಸಂದೇಹವಿಲ್ಲ. ಕೋಲಾರದಿಂದ ಬೇತಮಂಗಲದ ಕಡೆಗೆ ಹೊರಟವರಿಗೆ ರಾಗಿಯ ಹೊಲಗಳೂ ಮಾವಿನ ತೋಪುಗಳೂ ಬೋಳುಬಂಡೆಯ ಗುಡ್ಡಗಳೂ ಎದುರಾಗುತ್ತವೆ. ಬೇತಮಂಗಲದಲ್ಲಿ ಪಾಲಾರಿನ ದೊಡ್ಡ ಕೆರೆಯಿದೆ. ಗಣಿಯೂರುಗಳ ಬಾಯಾರಿಕೆಯನ್ನು ಬಹುಕಾಲ ನೀಗಿಸಿದ ನೀರು ಇದೇ. ಮುಂದೆ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್, ಮಾರಿಕುಪ್ಪಂ. ಗಣಿಬಾವಿಗಳ ಬಾಯಿಯ ಮೇಲೆ ತುಕ್ಕು ಹಿಡಿದ ಉಕ್ಕಿನ ಗೋಪುರಗಳು, ದೊರೆಗಳ ಕಾಲದ ಬಂಗಲೆಗಳು, ಇವೆಲ್ಲಕ್ಕೂ ಹಿಂದೆ ಬೆಳ್ಳಗೆ ಹರಡಿಕೊಂಡಿರುವ ದಿಬ್ಬಗಳು. ಅಲ್ಲಿಂದ ಕಾಮಸಮುದ್ರ, ಬೂದಿಕೋಟೆಗಳ ಮೇಲೆ ಬಂಗಾರಪೇಟೆಗೆ ಮರಳಬಹುದು. ಒಂದು ದಿನದ ಸಂಚಾರಕ್ಕೆ ಇದಕ್ಕಿಂತ ಮಿಗಿಲಾದುದು ಬೇಕಿಲ್ಲ.

ಆದರೆ ಈ ನೆಲದ ಮುಖ್ಯ ಭಾಗವು ಕಣ್ಣಿಗೆ ಕಾಣುವಂತಹದಲ್ಲ. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಕಾಲಿಟ್ಟಂದಿನಿಂದ ೨೦೦೧ರಲ್ಲಿ ಗಣಿಗಳು ಮುಚ್ಚುವವರೆಗೆ ಸುಮಾರು ೮೦೦ ಟನ್ ಚಿನ್ನವು ಮೇಲಕ್ಕೆ ಬಂದಿತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ೯೦ ಮೈಲಿಗೂ ಹೆಚ್ಚು ದೂರ ತಂತಿಯ ಮೇಲೆ ಹರಿದು ಬಂದುದು ಈ ಗಣಿಗಳಿಗೇ. ಬೆಂಗಳೂರಿನ ಬೀದಿಗಳು ಅದರ ಬೆಳಕನ್ನು ಕಂಡುದು ೧೯೦೫ರಲ್ಲಿ. ಚಾಂಪಿಯನ್ ರೀಫ್ ಗಣಿಯು ನೆಲದಡಿಗೆ ೩ ಕಿಲೋಮೀಟರಿಗೂ ಹೆಚ್ಚು ಆಳ ಇಳಿದಿತ್ತು. ಅಲ್ಲಿ ಬಂಡೆಯೇ ಕಾದಿರುತ್ತಿತ್ತು. ಮೇಲಣ ಭಾರಕ್ಕೆ ಒಮ್ಮೊಮ್ಮೆ ಸಿಡಿದು ಆಳುಗಳನ್ನು ಬಲಿತೆಗೆದುಕೊಳ್ಳುತ್ತಿತ್ತು. ಉಳಿದವರ ಶ್ವಾಸಕೋಶಗಳನ್ನು ಕಲ್ಲಿನ ಧೂಳು ಮೆಲ್ಲಮೆಲ್ಲನೆ ತಿನ್ನುತ್ತಿತ್ತು. ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳಿಂದ ಬಂದ ಬಡವರು, ಬಹುಮಂದಿ ದಲಿತರು. ಬೇರೆ ನುಡಿಯವರಾದರೂ ನಮ್ಮ ನೆಲದ ಭಾಗ್ಯಕ್ಕಾಗಿ ಬೆವರು ಸುರಿಸಿದವರು. ದೊರೆಗಳು ಇದನ್ನು ಪುಟ್ಟ ಇಂಗ್ಲೆಂಡೆಂದು ಕರೆದುಕೊಂಡರು. ಆಳುಗಳಿಗೆ ಸಿಕ್ಕಿದುದು ತಟ್ಟಿ ಗೋಡೆಯ ಸಾಲುಮನೆ. ೧೯೩೦ರಲ್ಲಿ ಬೆರಳಚ್ಚು ಕೊಡಬೇಕೆಂಬ ಕಟ್ಟಳೆ ಬಂದಾಗ ಆ ಜನರು ಒಗ್ಗಟ್ಟಾಗಿ ಕೆಲಸ ನಿಲ್ಲಿಸಿ, ತಮಗೂ ಮಾನವುಂಟೆಂದು ತೋರಿಸಿಕೊಟ್ಟರು.

೧೯೫೬ರಲ್ಲಿ ಗಣಿಗಳು ಮೈಸೂರು ಸರ್ಕಾರದ ಸ್ವತ್ತಾದುವು. ಮುಂದೆ ಕೇಂದ್ರ ಸರ್ಕಾರದ ವಶಕ್ಕೆ ಹೋದುವು. ಒಡೆತನವು ಪರರಿಂದ ನಮಗೆ ಬಂದ ಮೇಲೆ ಹೊಣೆಯೂ ನಮ್ಮದೇ ಅಲ್ಲವೇ? ೨೦೦೧ರ ಫೆಬ್ರವರಿ ೨೮ರಂದು ಕೆಲಸ ನಿಂತ ಬಳಿಕ, ಬರಬೇಕಾದ ಹಣಕ್ಕೂ ಇರುವ ಮನೆಯ ಹಕ್ಕಿಗೂ ಕಾರ್ಮಿಕರು ವರ್ಷಗಟ್ಟಲೆ ಹೋರಾಡಬೇಕಾಯಿತು. ಅವರ ಮಕ್ಕಳು ಇಂದು ನಸುಕಿನಲ್ಲೆದ್ದು ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಿದ್ದಾರೆ.

ಇನ್ನು ಪ್ರೇಕ್ಷಣಿಕರು ಮುಂದೆ ನಿಂತು ಭಾವಚಿತ್ರ ತೆಗೆಸಿಕೊಳ್ಳುವ ಆ ಬಿಳಿಯ ದಿಬ್ಬಗಳು. ಅವು ಪ್ರಕೃತಿಯ ಸೃಷ್ಟಿಯಲ್ಲ. ಅದಿರನ್ನು ಹಿಟ್ಟುಮಾಡಿ, ಸಯನೈಡಿನ ದ್ರಾವಣದಿಂದ ಚಿನ್ನವನ್ನು ಸೆಳೆದುಕೊಂಡು, ಉಳಿದುದನ್ನು ಊರ ಬದಿಯಲ್ಲೇ ಸುರಿದುದರಿಂದ ಆದ ರಾಶಿಗಳು. ಗಾಳಿಗಾಲದಲ್ಲಿ ಅವುಗಳ ಧೂಳು ಅನ್ನದ ತಟ್ಟೆಗೂ ಮಕ್ಕಳ ಮೂಗಿಗೂ ಬಂದು ಸೇರುತ್ತದೆ. ನಮಗೆ ಅರ್ಧ ಗಳಿಗೆಯ ಸೊಬಗು, ಅಲ್ಲಿಯವರಿಗೆ ಅನುದಿನದ ಉಸಿರು. ಈ ೧೩ ದಿಬ್ಬಗಳಿಂದ ಅಳಿದುಳಿದ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಸೂಚನೆಗೆ ರಾಜ್ಯ ಸರ್ಕಾರವು ೨೦೨೪ರಲ್ಲಿ ಸಮ್ಮತಿಯಿತ್ತಿದೆ. ಒಳ್ಳೆಯದೇ. ಆದರೆ ಧೂಳನ್ನು ಅಡಗಿಸುವ ಏರ್ಪಾಡೂ, ಗಣಿಯವರ ಮಕ್ಕಳಿಗೆ ಆ ಕೆಲಸದಲ್ಲಿ ಮೊದಲ ಸ್ಥಾನವೂ ಇಲ್ಲದೆ ಚಿನ್ನವೊಂದೇ ಹೊರಟುಹೋದರೆ, ಹಳೆಯ ಕಂಪೆನಿಗೂ ನಮ್ಮ ಸರ್ಕಾರಗಳಿಗೂ ಭೇದವೇನು ಉಳಿಯಿತು?

ವಿನೋದಕ್ಕೆ ಹೋಗುವವರ ಮುಂದೆ ಈ ದುಃಖದ ಪುರಾಣವೇಕೆಂದು ಕೆಲವರು ಕೇಳಬಹುದು. ಹಂಪೆಯ ಕಲ್ಲುಗಳನ್ನು ನೋಡುವವನು ಆ ಪಟ್ಟಣವು ಹಾಳಾದ ಕಥೆಯನ್ನು ಕೇಳದೆ ಮರಳುವನೆ? ಕೇಳುವುದರಿಂದ ನೋಟವು ಕೆಡುವುದಿಲ್ಲ, ತುಂಬುತ್ತದೆ. ಆದುದರಿಂದ ನಮ್ಮ ಸೂಚನೆಗಳು ಇಷ್ಟೆ. ಒಂದೊಂದು ಗಣಿಬಾವಿಯ ಬಳಿಯಲ್ಲೂ ಅದರ ಆಳವನ್ನೂ ಅಲ್ಲಿ ಮಡಿದವರ ಸ್ಮರಣೆಯನ್ನೂ ಕನ್ನಡ, ತಮಿಳು, ತೆಲುಗುಗಳಲ್ಲಿ ತಿಳಿಸುವ ಫಲಕವಿರಲಿ. ದಾರಿ ತೋರಿಸುವ ಕೆಲಸವು, ತಕ್ಕ ಸಂಬಳದೊಡನೆ, ಹಿಂದೆ ಗಣಿಯಲ್ಲಿ ದುಡಿದವರಿಗೆ ಸಲ್ಲಲಿ. ನೆಲದಡಿಯ ಕತ್ತಲೆಯನ್ನು ಅವರಿಗಿಂತ ಬಲ್ಲವರಾರು? ದಿಬ್ಬಗಳಿಗೆ ಹಸುರು ಹೊದಿಸುವ ಕಾರ್ಯವು ಕಾಗದದಿಂದ ನೆಲಕ್ಕೆ ಇಳಿಯಲಿ.

ಇವು ಸರ್ಕಾರದವರು ಮಾಡತಕ್ಕವು. ವಾಚಕರು ಮಾಡತಕ್ಕದ್ದೊಂದಿದೆ. ಮುಂದಿನ ಭಾನುವಾರ ಆ ದಾರಿಯಲ್ಲಿ ಹೊರಟವರು ಮಾರಿಕುಪ್ಪದಲ್ಲಿ ಗಾಡಿಯನ್ನು ನಿಲ್ಲಿಸಿ, ಯಾವನಾದರೊಬ್ಬ ಹಿರಿಯನನ್ನು ಕಂಡು, ಆತನು ಎಷ್ಟು ವರ್ಷ ಕೆಳಗಿಳಿದನೆಂದು ಕೇಳಲಿ. ಕೇಳಿದ ಮೇಲೆ ಅವಸರಪಡದೆ ಕುಳಿತು ಉತ್ತರವನ್ನು ಆಲಿಸಲಿ.