ದಿಟ್ಟ ಲೇಖಕಿಗೆ ಸಲ್ಲಬೇಕಾದ ಗೌರವ ಯಾವುದು?

ಮನೆಯ ಯಜಮಾನಿಕೆ, ಧರ್ಮದ ಮುಖಂಡತ್ವ ಮತ್ತು ರಾಜಕೀಯ ಅಧಿಕಾರ ಈ ಮೂರನ್ನೂ ಪ್ರಶ್ನಿಸುವ ಲೇಖಕಿಗೆ ಸಮಾಜ ತೋರುವ ಮೆಚ್ಚುಗೆಯಲ್ಲಿ ಎರಡು ಬಗೆಗಳಿವೆ. ಆಕೆಯ ಧೈರ್ಯವನ್ನು ಕೊಂಡಾಡಿ, ಶಾಲು ಹೊದಿಸಿ, ಆಕೆಯ ಕೀರ್ತಿಯಲ್ಲಿ ತಾನೂ ಪಾಲುದಾರನೆಂದು ಬೀಗಿ ಅಲ್ಲಿಗೇ ನಿಲ್ಲುವುದು ಒಂದು ಬಗೆ. ಆಕೆ ಬರೆದದ್ದನ್ನು ಓದಿ, ಅಲ್ಲಿ ಎದ್ದಿರುವ ಪ್ರಶ್ನೆಗೆ ತನ್ನ ಮನೆಯಲ್ಲಿ, ತನ್ನ ಓಣಿಯಲ್ಲಿ, ತನ್ನ ಊರಿನಲ್ಲಿ ಉತ್ತರ ಹುಡುಕುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಒಂದು ಸಂಜೆ ಸಾಕು, ಎರಡನೆಯದು ವರ್ಷಗಟ್ಟಲೆ ನಡೆಯಬೇಕಾದ ಕೆಲಸ. 2025ರ ಮೇ 20ರಂದು ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಸಂಕಲನ ‘ಹಾರ್ಟ್ ಲ್ಯಾಂಪ್’ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಮೇಲೆ ಕನ್ನಡ ನಾಡು ಅವರನ್ನು ಮನಸಾರೆ ಮೆಚ್ಚಿಕೊಂಡಿದೆ. ಆ ಮೆಚ್ಚುಗೆ ಈ ಎರಡು ಬಗೆಗಳಲ್ಲಿ ಯಾವುದಕ್ಕೆ ಸೇರುತ್ತದೆ ಎಂಬುದನ್ನು ಪರಿಶೀಲಿಸುವುದು ಈಗ ಅಗತ್ಯವಾಗಿದೆ.

ಈ ಪ್ರಶ್ನೆಯನ್ನು ಆಫ್ರಿಕಾದ ಲೇಖಕಿಯರು ಬಹಳ ಹಿಂದೆಯೇ ಎದುರಿಸಿದ್ದಾರೆ. ನೈಜೀರಿಯಾದ ಚಿಮಮಾಂಡ ಎನ್‌ಗೋಜಿ ಅಡೀಚಿ 2012ರಲ್ಲಿ ಮಾಡಿದ ಒಂದು ಭಾಷಣ, ‘ನಾವೆಲ್ಲರೂ ಸ್ತ್ರೀವಾದಿಗಳಾಗಬೇಕು’ ಎಂಬ ಅರ್ಥದ ಶೀರ್ಷಿಕೆಯಲ್ಲಿ 2014ರಲ್ಲಿ ಕಿರುಪುಸ್ತಕವಾಗಿ ಬಂದಿತು. ಸ್ತ್ರೀವಾದವೆಂದರೆ ಗಂಡಸರ ಮೇಲಿನ ದ್ವೇಷವಲ್ಲ, ಹೆಣ್ಣು–ಗಂಡುಗಳ ಸಾಮಾಜಿಕ, ರಾಜಕೀಯ ಮತ್ತು ಆರ್ಥಿಕ ಸಮಾನತೆಯಲ್ಲಿ ಇಟ್ಟ ನಂಬಿಕೆ ಎಂಬುದು ಅದರ ತಿರುಳು. ಅದೇ ವಾಕ್ಯವನ್ನು 2016ರಲ್ಲಿ ಪ್ಯಾರಿಸ್ಸಿನ ಡಿಯೋರ್ ಎಂಬ ಉಡುಪಿನ ಕಂಪನಿ ಬಿಳಿ ಅಂಗಿಯ ಮೇಲೆ ಅಚ್ಚು ಹಾಕಿ ನೂರಾರು ಡಾಲರುಗಳಿಗೆ ಮಾರಿತು. ಅದಕ್ಕೆ ಒಂದು ವರ್ಷ ಮೊದಲು, 2015ರ ಡಿಸೆಂಬರಿನಲ್ಲಿ, ಸ್ವೀಡನ್ನಿನ ಮಹಿಳಾ ಸಂಘಟನೆಗಳ ಒಕ್ಕೂಟವು ಪ್ರಕಾಶಕರ ಜೊತೆಗೂಡಿ ಆ ಪುಸ್ತಕದ ಅನುವಾದವನ್ನು ದೇಶದ 16 ವರ್ಷದ ವಿದ್ಯಾರ್ಥಿಗಳಿಗೆಲ್ಲ, ಹುಡುಗರಿಗೂ ಹುಡುಗಿಯರಿಗೂ, ಹಂಚುವ ಕೆಲಸ ಕೈಗೆತ್ತಿಕೊಂಡಿತು. ಒಬ್ಬಳೇ ಲೇಖಕಿ, ಒಂದೇ ವಾಕ್ಯ. ಒಂದು ಕಡೆ ಅದು ತೊಡುವ ವಸ್ತುವಾಯಿತು, ಇನ್ನೊಂದು ಕಡೆ ತರಗತಿಯ ಚರ್ಚೆಯಾಯಿತು. ಮೆಚ್ಚುಗೆಯ ಎರಡು ದಾರಿಗಳನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ಸಿಗುವುದು ಕಷ್ಟ.

ಈಜಿಪ್ಟಿನ ನವಾಲ್ ಎಲ್ ಸಾದಾವಿಯವರ ಬದುಕು ಇದೇ ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ವೈದ್ಯೆಯಾಗಿದ್ದ ಅವರು ಹೆಣ್ಣುಮಕ್ಕಳ ಜನನಾಂಗ ಛೇದನದ ಪದ್ಧತಿಯನ್ನು ಖಂಡಿಸಿ 1972ರಲ್ಲಿ ಪ್ರಕಟಿಸಿದ ಪುಸ್ತಕದ ಕಾರಣಕ್ಕೆ ಆರೋಗ್ಯ ಇಲಾಖೆಯ ಹುದ್ದೆ ಕಳೆದುಕೊಂಡರು. 1981ರಲ್ಲಿ ಅಧ್ಯಕ್ಷ ಸಾದತ್ ಅವರ ಸರ್ಕಾರ ಜೈಲಿಗಟ್ಟಿದಾಗ ಹುಬ್ಬು ತೀಡುವ ಪೆನ್ಸಿಲಿನಿಂದ ಶೌಚದ ಕಾಗದದ ಮೇಲೆ ಬರೆದರು. ಮುಂದೆ ಮತಾಂಧರ ಕೊಲೆಯ ಪಟ್ಟಿಯಲ್ಲಿ ಹೆಸರು ಬಂದಾಗ ದೇಶ ಬಿಟ್ಟು ಅಮೆರಿಕದಲ್ಲಿ ಪಾಠ ಮಾಡಬೇಕಾಯಿತು. 2021ರ ಮಾರ್ಚಿನಲ್ಲಿ ತೀರಿಕೊಂಡ ಅವರನ್ನು ಪಶ್ಚಿಮದ ವಿಶ್ವವಿದ್ಯಾಲಯಗಳು ಆದರದಿಂದ ಕರೆಸಿಕೊಂಡವು. ಆದರೆ ಹೆಣ್ಣಿನ ಶೋಷಣೆಯನ್ನು ಅರಬ್ ಲೋಕದ ವಿಶೇಷ ದೋಷವೆಂದು ಬಗೆಯುವವರನ್ನು ಅವರು ಎಂದೂ ಒಪ್ಪಲಿಲ್ಲ. ಪಿತೃಪ್ರಧಾನ ವ್ಯವಸ್ಥೆ, ಅಂದರೆ ಆಸ್ತಿ, ವಂಶ ಮತ್ತು ತೀರ್ಮಾನದ ಹಕ್ಕುಗಳನ್ನು ಗಂಡಿನ ಕೈಯಲ್ಲಿ ಉಳಿಸುವ ಏರ್ಪಾಡು, ಎಲ್ಲ ಧರ್ಮಗಳಲ್ಲೂ ಎಲ್ಲ ಖಂಡಗಳಲ್ಲೂ ಇದೆ ಎಂಬ ಮಾತನ್ನು ಅವರು ಬಿಟ್ಟುಕೊಡಲಿಲ್ಲ. ದೂರದವರು ದಿಟ್ಟ ಲೇಖಕಿಯನ್ನು ಮೆಚ್ಚುವಾಗ ಅವಳ ಮಾತು ತಮಗೆ ತಾಗುವುದಿಲ್ಲವೆಂಬ ನೆಮ್ಮದಿಯೂ ಆ ಮೆಚ್ಚುಗೆಯಲ್ಲಿ ಬೆರೆತಿರುತ್ತದೆ ಎಂಬುದನ್ನು ಸಾದಾವಿ ಚೆನ್ನಾಗಿ ಬಲ್ಲವರಾಗಿದ್ದರು.

ಕನ್ನಡದಲ್ಲಿ ಈ ಪರಂಪರೆಯ ಲೇಖಕಿಯರು ತೆತ್ತ ಬೆಲೆ ಕಡಿಮೆಯದಲ್ಲ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದ್ದ ಸಾರಾ ಅಬೂಬಕ್ಕರ್ (1936–2023) ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ತಲಾಖಿನ ಹೆಸರಿನಲ್ಲಿ ನಡೆಯುವ ಅನ್ಯಾಯವನ್ನು ಬರೆದುದಕ್ಕೆ 1980ರ ದಶಕದಲ್ಲಿ ಪುತ್ತೂರಿನ ಸಾಹಿತ್ಯ ಸಭೆಯಲ್ಲಿ ಗಲಭೆಯನ್ನು ಎದುರಿಸಬೇಕಾಯಿತು. ಹಾಸನದ ಬಾನು ಮುಷ್ತಾಕ್ ‘ಲಂಕೇಶ್ ಪತ್ರಿಕೆ’ಯ ವರದಿಗಾರ್ತಿಯಾಗಿ, ಅನಂತರ ವಕೀಲೆಯಾಗಿ ದುಡಿಯುತ್ತ ಕಥೆ ಬರೆದವರು. ಮುಸ್ಲಿಂ ಮಹಿಳೆಯರಿಗೆ ಮಸೀದಿಯಲ್ಲಿ ಪ್ರಾರ್ಥನೆ ಮಾಡುವ ಹಕ್ಕಿದೆ ಎಂದದ್ದಕ್ಕೆ 2000ದಲ್ಲಿ ಅವರ ಕುಟುಂಬಕ್ಕೆ ಮೂರು ತಿಂಗಳ ಸಾಮಾಜಿಕ ಬಹಿಷ್ಕಾರ ಹಾಕಲಾಯಿತು, ಅವರ ಮೇಲೆ ಚಾಕುವಿನಿಂದ ಹಲ್ಲೆ ನಡೆಸುವ ಯತ್ನವೂ ನಡೆಯಿತು. ಕಾಲು ಶತಮಾನದ ಮೇಲೆ, ಮೈಸೂರು ದಸರಾ ಉದ್ಘಾಟನೆಗೆ ರಾಜ್ಯ ಸರ್ಕಾರ ಅವರನ್ನು ಆಹ್ವಾನಿಸಿದಾಗ ಬೇರೊಂದು ಧರ್ಮದ ಹೆಸರಿನಲ್ಲಿ ವಿರೋಧ ಎದ್ದಿತು. ಹೈಕೋರ್ಟು ಅರ್ಜಿಗಳನ್ನು ತಳ್ಳಿಹಾಕಿ, ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ವಜಾ ಮಾಡಿದ ಮೇಲೆ 2025ರ ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ಒಮ್ಮೆ ಸ್ವಂತ ಸಮುದಾಯದ ಮುಖಂಡರು, ಇನ್ನೊಮ್ಮೆ ಇನ್ನೊಂದು ಸಮುದಾಯದ ಮುಖಂಡತ್ವದ ಹಕ್ಕುದಾರರು ಒಬ್ಬಳೇ ಹೆಣ್ಣಿಗೆ ಅವಳು ನಿಲ್ಲಬೇಕಾದ ಜಾಗವನ್ನು ತೋರಿಸಲು ಹೊರಟದ್ದು, ಅವರ ಕಥೆಗಳು ಹೇಳುವ ಸತ್ಯವನ್ನೇ ಬೀದಿಯಲ್ಲಿ ಸಾಬೀತುಪಡಿಸಿತು.

ಆದರೆ ಬೂಕರ್ ಬಂದ ಬಳಿಕದ ಅಭಿನಂದನೆಯಲ್ಲಿ ಕೊರತೆಯೊಂದಿದೆ. ಲೇಖಕಿಯ ಧೈರ್ಯದ ಬಗ್ಗೆ ನಡೆದಷ್ಟು ಮಾತು ಕಥೆಗಳ ಬಗ್ಗೆ ನಡೆದಿಲ್ಲ. ನಡೆದ ಕಡೆಗಳಲ್ಲೂ ಅವುಗಳನ್ನು ‘ಮುಸ್ಲಿಂ ಮಹಿಳೆಯ ನೋವು’ ಎಂಬ ಒಂದೇ ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚುವ ಅವಸರ ಕಾಣುತ್ತದೆ. ಒಂದು ಜನಾಂಗದ ಬಗ್ಗೆ ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳಿದರೆ ಆ ಜನ ಅಷ್ಟೇ ಆಗಿಬಿಡುತ್ತಾರೆ ಎಂದು ಅಡೀಚಿ 2009ರಲ್ಲೇ ಎಚ್ಚರಿಸಿದ್ದರು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ, 1990ರಿಂದ 2023ರವರೆಗಿನ ಅವಧಿಯ 12 ಕಥೆಗಳನ್ನು ಹೀಗೆ ಒಂದೇ ಕಥೆಯಾಗಿ ಕುಗ್ಗಿಸಿದರೆ, ಮುಸ್ಲಿಮೇತರ ಓದುಗರಿಗೆ ಕನಿಕರದ ಸುಖ ಸಿಗುತ್ತದೆ, ಮುಸ್ಲಿಂ ಮುಖಂಡರಿಗೆ ಅಪಪ್ರಚಾರವೆಂದು ದೂರುವ ನೆಪ ಸಿಗುತ್ತದೆ. ಇಬ್ಬರೂ ಕಥೆ ಕೇಳುವ ಪ್ರಶ್ನೆಯಿಂದ ಪಾರಾಗುತ್ತಾರೆ.

ಈ ಸಂಕಲನದ ‘ಬೆಂಕಿ ಮಳೆ’ ಕಥೆಯನ್ನೇ ಹತ್ತಿರದಿಂದ ನೋಡಬಹುದು. ಅದರ ಕೇಂದ್ರದಲ್ಲಿರುವವನು ಒಬ್ಬ ಮುತವಲ್ಲಿ, ಅಂದರೆ ಮಸೀದಿಯ ಆಡಳಿತವನ್ನು ನೋಡಿಕೊಳ್ಳುವ ಹೊಣೆಗಾರ. ತಂಗಿ ತವರಿಗೆ ಬಂದು ತಂದೆಯ ಆಸ್ತಿಯಲ್ಲಿ ತನ್ನ ಪಾಲು ಕೇಳುತ್ತಾಳೆ. ಷರಿಯತ್ತಿನ ಪ್ರಕಾರವೇ ಅವಳಿಗೆ ಪಾಲಿದೆ. ಕೊಡಲು ಮನಸ್ಸಿಲ್ಲದ ಅಣ್ಣನಿಗೆ, ತಪ್ಪು ಸ್ಮಶಾನ ಸೇರಿದ ಶವವೊಂದರ ಸಂಗತಿ ಒದಗಿಬರುತ್ತದೆ. ಊರಿನ ಧರ್ಮಾಭಿಮಾನವೆಲ್ಲ ಆ ಶವದ ಸುತ್ತ ಸೇರುವಾಗ ತಂಗಿಯ ಬೇಡಿಕೆ ಹಿಂದೆ ಸರಿಯುತ್ತದೆ. ಧಾರ್ಮಿಕ ಆವೇಶವು ಹೆಣ್ಣಿನ ಆಸ್ತಿಹಕ್ಕನ್ನು ಮರೆಸುವ ಸಾಧನವಾಗುವ ಬಗೆಯನ್ನು ಈ ಕಥೆ ಬಿಡಿಸಿ ತೋರಿಸುತ್ತದೆ. ಪಾತ್ರಗಳ ಹೆಸರು ಬದಲಿಸಿದರೆ ಅದು ಧಾರವಾಡ ಜಿಲ್ಲೆಯ ಯಾವ ಮನೆತನದ ಕಥೆಯೂ ಆಗಬಲ್ಲದು.

ಹುಬ್ಬಳ್ಳಿಯ ಮಗ್ಗುಲಿನ ತಾರಿಹಾಳವನ್ನು ಇಲ್ಲಿ ನೆನೆಯಲು ಕಾರಣವಿದೆ. ಒಂದು ಕಾಲದಲ್ಲಿ ಹೊಲಗದ್ದೆಗಳ ಊರಾಗಿದ್ದ ಅದು ಈಗ ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಸೇರಿದ ಕೈಗಾರಿಕಾ ಪ್ರದೇಶ. ಇಂಥ ಊರುಗಳಲ್ಲಿ ಹೊಲ ಕೈಗಾರಿಕೆಗೋ ರಸ್ತೆಗೋ ಹೋದಾಗ ಪರಿಹಾರದ ಹಣ ಸಾಮಾನ್ಯವಾಗಿ ಪಹಣಿಯಲ್ಲಿ, ಎಂದರೆ ಜಮೀನಿನ ಹಕ್ಕುದಾರರನ್ನು ನಮೂದಿಸುವ ಕಂದಾಯ ದಾಖಲೆಯಲ್ಲಿ, ಹೆಸರಿದ್ದವರಿಗೆ ಸೇರುತ್ತದೆ. ಆ ಹೆಸರುಗಳು ಹೆಚ್ಚಾಗಿ ಗಂಡಸರವು. ಅವಿಭಕ್ತ ಹಿಂದೂ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಎಂಬ ತತ್ವವನ್ನು ಕರ್ನಾಟಕ 1994ರ ತಿದ್ದುಪಡಿಯಲ್ಲಿ ಅವಿವಾಹಿತ ಹೆಣ್ಣುಮಕ್ಕಳ ಮಟ್ಟಿಗೆ ಒಪ್ಪಿತು. 2005ರ ಕೇಂದ್ರ ತಿದ್ದುಪಡಿ ಅದನ್ನು ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಆ ತಿದ್ದುಪಡಿ ಜಾರಿಗೆ ಬಂದ ದಿನಕ್ಕೆ ತಂದೆ ಬದುಕಿರಲೇಬೇಕೆಂಬ ನಿಬಂಧನೆ ಇಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಕಾನೂನು ಇಷ್ಟು ದೂರ ಬಂದರೂ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಅಕ್ಕತಂಗಿಯರು ಹಕ್ಕುಬಿಡುಗಡೆ ಪತ್ರಕ್ಕೆ, ಅಂದರೆ ತಮ್ಮ ಪಾಲನ್ನು ಸೋದರರ ಹೆಸರಿಗೆ ಬಿಟ್ಟುಕೊಟ್ಟೆವೆಂಬ ಕಾಗದಕ್ಕೆ, ರುಜು ಹಾಕುವುದು ನಿಂತಿಲ್ಲ. ಪಾಲು ಕೇಳಿದರೆ ತವರು ತಪ್ಪೀತು, ಪಂಚಮಿಗೆ ಕರೆಯುವವರು ಇಲ್ಲವಾದಾರು ಎಂಬ ಭಯವೇ ಆ ರುಜುವನ್ನು ಹಾಕಿಸುತ್ತದೆ. ‘ಬೆಂಕಿ ಮಳೆ’ಯ ತಂಗಿಗೆ ಮರುಗುವ ಓದುಗ, ತನ್ನ ತಂಗಿ ರುಜು ಹಾಕಿದ ಕಾಗದವನ್ನು ಕಪಾಟಿನಿಂದ ತೆಗೆದು ನೋಡಿದರೆ ಆ ಕಥೆಯನ್ನು ನಿಜವಾಗಿ ಓದಿದಂತಾಗುತ್ತದೆ.

ದುಡಿಮೆಯ ವಿಷಯದಲ್ಲಿಯೂ ತಾರಿಹಾಳ ಇದೇ ಪರೀಕ್ಷೆಯನ್ನು ಒಡ್ಡುತ್ತದೆ. ಬಾನು ಅವರ ಅದೇ ಸಂಕಲನದ ‘ಎದೆಯ ಹಣತೆ’ ಕಥೆಯಲ್ಲಿ ಗಂಡನಿಂದ ತಿರಸ್ಕೃತಳಾಗಿ, ತವರಿನವರಿಂದ ವಾಪಸು ಕಳಿಸಲ್ಪಟ್ಟ ತಾಯಿಯೊಬ್ಬಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಅವಳನ್ನು ತಡೆದು ನಿಲ್ಲಿಸುವವಳು ಇನ್ನೂ ಬೆಳೆಯುತ್ತಿರುವ ಹಿರಿಯ ಮಗಳು. ಸ್ವಂತ ಸಂಪಾದನೆಯಾಗಲಿ, ಹೋಗಿ ನಿಲ್ಲಲು ಒಂದು ಸೂರಾಗಲಿ ಇಲ್ಲದ ಹೆಣ್ಣಿಗೆ ಉಳಿಯುವ ದಾರಿಗಳು ಎಷ್ಟು ಎಂಬುದು ಆ ಕಥೆಯ ಪ್ರಶ್ನೆ. ಸಂಪಾದನೆ ಅರಸಿ ಕಾರ್ಖಾನೆಗೆ ಹೋದ ಹೆಣ್ಣುಮಕ್ಕಳ ಸ್ಥಿತಿಯೇನು ಎಂಬುದು ಅದರ ಮುಂದಿನ ಪ್ರಶ್ನೆ. 2022ರ ಜುಲೈನಲ್ಲಿ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ, ಹುಟ್ಟುಹಬ್ಬದ ಕೇಕಿನ ಮೇಲೆ ಕಿಡಿ ಸೂಸುವ ಮೇಣದಬತ್ತಿಗಳನ್ನು ತಯಾರಿಸುತ್ತಿದ್ದ ಘಟಕವೊಂದಕ್ಕೆ ಬೆಂಕಿ ಬಿದ್ದು, ಅಲ್ಲಿ ದುಡಿಯುತ್ತಿದ್ದ ಮಹಿಳೆಯರೂ ಸೇರಿದಂತೆ ಹಲವರು ಸುಟ್ಟು ಗಾಯಗೊಂಡರು, ಕೆಲವರು ಪ್ರಾಣ ಕಳೆದುಕೊಂಡರು. ಬೇರೆಯವರ ಮನೆಯ ಸಂಭ್ರಮಕ್ಕೆ ಬೇಕಾದ ಸಾಮಗ್ರಿಯನ್ನು ದಿನಗೂಲಿಗೆ ತಯಾರಿಸುವ ಆ ಹೆಂಗಸರ ಬಗ್ಗೆ ಬರೆಯುವವರೂ ಬೇಕು, ಅವರು ಕೆಲಸ ಮಾಡುವ ಶೆಡ್ಡಿಗೆ ಎರಡನೆಯ ಬಾಗಿಲಿದೆಯೇ ಎಂದು ಕೇಳುವವರೂ ಬೇಕು. ಹತ್ತು ಅಥವಾ ಹೆಚ್ಚು ಮಂದಿ ಕೆಲಸಗಾರರಿರುವ ಪ್ರತಿ ಸಂಸ್ಥೆಯಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಅದು ಸಣ್ಣ ಘಟಕಗಳ ಗೋಡೆಯ ಮೇಲಿನ ಫಲಕವಾಗಿಯಾದರೂ ಇದೆಯೇ ಎಂದು ವಿಚಾರಿಸುವುದು ಸ್ತ್ರೀವಾದಿ ಲೇಖಕಿಯ ಅಭಿಮಾನಿಗಳಿಗೆ ಹೊರಗಿನ ಕೆಲಸವಲ್ಲ.

ಹುಬ್ಬಳ್ಳಿ–ಧಾರವಾಡ ಅವಳಿ ನಗರಕ್ಕೆ ಇಂಥ ಓದಿನ ಪರಂಪರೆ ಹೊಸದೂ ಅಲ್ಲ. ಕರ್ನಾಟಕ ವಿದ್ಯಾವರ್ಧಕ ಸಂಘ 1890ರಿಂದ, ಮನೋಹರ ಗ್ರಂಥಮಾಲೆ 1933ರಿಂದ ಓದುಗರನ್ನು ಬೆಳೆಸಿದ ನೆಲವಿದು. ಓದಿದ, ದುಡಿಯುವ ಹೆಣ್ಣಿನ ದೇಹ ಮತ್ತು ಮನಸ್ಸಿನ ಬಯಕೆಗಳನ್ನು ಸಂಕೋಚವಿಲ್ಲದೆ ಕಥೆಗೆ ತಂದ ವೀಣಾ ಶಾಂತೇಶ್ವರ ಧಾರವಾಡದವರೇ. ದೂರದ ಲೇಖಕಿಯನ್ನು ಕೊಂಡಾಡುವ ಊರು ತನ್ನ ಲೇಖಕಿಯನ್ನು ಹೊಸ ತಲೆಮಾರಿಗೆ ಎಷ್ಟು ಓದಿಸಿದೆ ಎಂಬ ಪ್ರಶ್ನೆಗೆ ಉತ್ತರ ಸಮಾಧಾನ ತರುವಂತಿಲ್ಲ. ಮಂಗಳೂರಿನಲ್ಲಿ ಸಾರಾ ಅಬೂಬಕ್ಕರ್ ಅಧ್ಯಕ್ಷೆಯಾಗಿದ್ದ ಕರಾವಳಿ ಲೇಖಕಿಯರ–ವಾಚಕಿಯರ ಸಂಘ, ಬರೆಯುವ ಹೆಣ್ಣಿನ ಜೊತೆಗೆ ಓದುವ ಹೆಣ್ಣನ್ನೂ ಸದಸ್ಯೆಯಾಗಿ ಸೇರಿಸಿಕೊಂಡಿತು. ಲೇಖಕಿಯ ಮೇಲೆ ದಾಳಿ ನಡೆದಾಗ ಪ್ರಶಸ್ತಿಪತ್ರ ರಕ್ಷಣೆಗೆ ಬರುವುದಿಲ್ಲ, ಕಥೆಯನ್ನು ಓದಿ ಬಲ್ಲ ಓದುಗರು ಬರುತ್ತಾರೆ ಎಂಬ ತಿಳಿವಳಿಕೆ ಆ ಏರ್ಪಾಡಿನಲ್ಲಿದೆ. ಅಂಥ ಓದುಗರು ಮೊದಲೇ ಸಂಘಟಿತರಾಗಿದ್ದರೆ, 2000ದ ಬಹಿಷ್ಕಾರವನ್ನಾಗಲಿ 2025ರ ವಿರೋಧವನ್ನಾಗಲಿ ಲೇಖಕಿ ಇಷ್ಟು ಒಂಟಿಯಾಗಿ ಎದುರಿಸಬೇಕಾಗುತ್ತಿರಲಿಲ್ಲ.

ಈ ದಿಕ್ಕಿನಲ್ಲಿ ಮಾಡಬಹುದಾದ ಕೆಲಸಗಳು ದೊಡ್ಡ ಮೊತ್ತವನ್ನು ಬೇಡುವುದಿಲ್ಲ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲು ಮಾಡುವ ವ್ಯವಸ್ಥೆ ರಾಜ್ಯದಲ್ಲಿ 1965ರ ಕಾಯ್ದೆಯಿಂದಲೇ ಇದೆ. ಆ ಹಣದಲ್ಲಿ ತಾರಿಹಾಳದಂಥ ಕೈಗಾರಿಕಾ ಪ್ರದೇಶಗಳಲ್ಲಿ, ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಅನುಕೂಲವಾದ ಹೊತ್ತಿನಲ್ಲಿ ತೆರೆದಿರುವ ವಾಚನಾಲಯಗಳನ್ನು ನಡೆಸಬಹುದು. ಪದವಿಪೂರ್ವ ಕಾಲೇಜುಗಳಲ್ಲಿ ಬಾನು, ಸಾರಾ, ವೀಣಾ ಅವರ ತಲಾ ಒಂದು ಕಥೆಯನ್ನು ಅಡೀಚಿಯವರ ಕಿರುಪುಸ್ತಕದ ಜೊತೆಗಿಟ್ಟು ಹುಡುಗರೂ ಹುಡುಗಿಯರೂ ಒಂದೇ ಕೋಣೆಯಲ್ಲಿ ಕುಳಿತು ಚರ್ಚಿಸುವಂತೆ ಮಾಡಬಹುದು. ಲೇಖಕಿಯನ್ನು ಸನ್ಮಾನಿಸುವ ಪ್ರತಿ ಸಂಸ್ಥೆ, ಸನ್ಮಾನಕ್ಕೆ ಮೊದಲು ಅವರ ಒಂದು ಕಥೆಯನ್ನು ಸಭೆಯಲ್ಲಿ ಓದಿಸಿ ಸಂವಾದ ನಡೆಸುವ ನಿಯಮ ಹಾಕಿಕೊಳ್ಳಬಹುದು. ಬಾನು ಮುಷ್ತಾಕ್ ಅರ್ಧ ಶತಮಾನ ಕಾಲ ಕಥೆಯಲ್ಲೂ ಕೋರ್ಟಿನಲ್ಲೂ ಹೆಣ್ಣಿನ ಪಾಲಿನ ನ್ಯಾಯವನ್ನೇ ಕೇಳುತ್ತ ಬಂದವರು. ಅವರನ್ನು ಮೆಚ್ಚುವ ಕನ್ನಡಿಗರು ಮನೆಯ ಹೆಣ್ಣುಮಗಳಿಗೆ ಅವಳ ಪಾಲನ್ನು ಬರೆದುಕೊಟ್ಟು, ದುಡಿಯುವ ಹೆಣ್ಣಿಗೆ ಸುರಕ್ಷಿತ ಜಾಗವನ್ನು ಒದಗಿಸಿದರೆ, ಲಂಡನ್ನಿನ ತೀರ್ಪುಗಾರರು ಕೊಡಲಾಗದ ಗೌರವವನ್ನು ತಮ್ಮ ಲೇಖಕಿಗೆ ಕೊಟ್ಟಂತಾಗುತ್ತದೆ.