ಅಕ್ಕಿ ಬಂದರೂ ತುಂಬದ ತಾಟು

ಜಮಖಂಡಿ, ಮುಧೋಳ ಸೀಮೆಯಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಕಬ್ಬು. ಕೃಷ್ಣೆ, ಘಟಪ್ರಭೆಯ ನೀರಿದೆ, ಸಕ್ಕರೆ ಕಾರ್ಖಾನೆಗಳಿವೆ. ಇಂಥಲ್ಲಿ ಊಟದ ಕೊರತೆಯೇ ಎಂದು ಯಾರಾದರೂ ಕೇಳಬಹುದು. ಆದರೆ ಹೊಲದ ಕಬ್ಬು ಕಾರ್ಖಾನೆಗೆ ಹೋಗುತ್ತದೆ. ಕೂಲಿಯವರ ಬುಟ್ಟಿಗೆ ರೊಟ್ಟಿ ಬೀಳಬೇಕಾದರೆ ಪಗಾರವೇ ಆಗಬೇಕು. ಆಲಮಟ್ಟಿ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟ ಬೀಳಗಿಯ ಕುಟುಂಬಗಳು ಒಂದು ಕಾಲಕ್ಕೆ ತಾವೇ ಬೆಳೆಯುತ್ತಿದ್ದ ಜೋಳವನ್ನು ಈಗ ಸಂತೆಯಲ್ಲಿ ಕೊಳ್ಳುತ್ತವೆ.

ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಈ ಕಷ್ಟ ಇನ್ನೂ ಸ್ಪಷ್ಟ. ಅಲ್ಲಿ ಮಜೂರಿ ನೇಯ್ದಷ್ಟಕ್ಕೆ. ಸೀರೆ ಮಾರಾಟವಾಗದಿದ್ದರೆ ನೂಲು ಬರುವುದಿಲ್ಲ, ಮಗ್ಗ ನಿಂತ ವಾರ ಬಟವಾಡೆ ಇಲ್ಲ. ಆಗ ಮನೆಯಲ್ಲಿ ಮೊದಲು ತಪ್ಪುವುದು ಅನ್ನವಲ್ಲ. ಹಾಲು ಚಹಾಕ್ಕಷ್ಟೇ ಸೀಮಿತವಾಗುತ್ತದೆ, ತತ್ತಿ ನಿಲ್ಲುತ್ತದೆ, ಬೇಳೆ ನೀರಾಗುತ್ತದೆ, ಕಿರಾಣಿ ಅಂಗಡಿಯ ಉದ್ರಿ ಏರುತ್ತದೆ. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ತಾಯಿಗೆ ಅನ್ನ ಮತ್ತು ಖಾರ.

2019ರ ಆಗಸ್ಟ್‌ನಲ್ಲಿ ಈ ಸೀಮೆಗೆ ಪ್ರವಾಹ ಬಂತು. ಮರುವರ್ಷ ಲಾಕ್‌ಡೌನ್. ಆಗ ಕೈಮಗ್ಗ ನೇಕಾರರಿಗೆ ರಾಜ್ಯ ಸರ್ಕಾರ ಘೋಷಿಸಿದ ನೆರವು 2,000 ರೂಪಾಯಿ. ನಿಂತ ಮಗ್ಗದ ಮನೆಗೆ ಅದು ಎಷ್ಟು ವಾರದ ಸಂತೆಗೆ ಸಾಕು?

1996ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆ ಆಹಾರ ಭದ್ರತೆಗೆ ಒರೆಗಲ್ಲೊಂದನ್ನು ಕೊಟ್ಟಿದೆ: ಎಲ್ಲರಿಗೂ, ಎಲ್ಲ ಕಾಲಕ್ಕೂ, ಸಾಕಾಗುವಷ್ಟು ಪೌಷ್ಟಿಕ ಆಹಾರ ಕೈಗೆಟುಕಬೇಕು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಲಕ್ಷಾಂತರ ಮನೆಗಳ ಒಲೆ ಆರದಂತೆ ಕಾಯ್ದಿದೆ, ಅದು ಸಣ್ಣ ಸಾಧನೆಯಲ್ಲ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಹೊಟ್ಟೆ ತುಂಬಿದರೂ ಮೈಗೆ ಹತ್ತುವಂಥದ್ದು ಸಿಕ್ಕಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಒಪ್ಪಿದ್ದು ಸರಿಯಾದ ಹೆಜ್ಜೆ. ಅದರ ಜತೆಗೆ ಈ ಭಾಗದ ಜನ ನಿತ್ಯ ಉಣ್ಣುವ ಜೋಳವೂ ರೇಷನ್ ಅಂಗಡಿಯಲ್ಲಿ ತಪ್ಪದೆ ಸಿಗಬೇಕು. ಮಗ್ಗ ನಿಂತ ತಿಂಗಳು ನೇಕಾರರಿಗೆ ಅರ್ಜಿ, ಅಲೆದಾಟವಿಲ್ಲದೆ ನೆರವು ತಲುಪಬೇಕು. ಕಬ್ಬಿನ ಹಂಗಾಮಿನಲ್ಲಿ ಬೇರೆ ಊರುಗಳಿಂದ ಬಂದು ಹೊಲದಂಚಿನ ಜೋಪಡಿಗಳಲ್ಲಿ ಇಳಿಯುವ ಕಬ್ಬು ಕಡಿಯುವ ಗ್ಯಾಂಗ್‌ಗಳ ಮಕ್ಕಳನ್ನು ಹತ್ತಿರದ ಅಂಗನವಾಡಿಯ ಊಟದ ಲೆಕ್ಕಕ್ಕೆ ಸೇರಿಸುವ ಕೆಲಸ ಕಾರ್ಖಾನೆ ಕಬ್ಬು ನುರಿಸಲು ಶುರುಮಾಡುವ ಮೊದಲೇ ಮುಗಿಯಬೇಕು.