ಹೆಡ್‌ಲೈಟಿನ ಕಪ್ಪು ಬೊಟ್ಟು

ಒಂದು ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಓಡಾಡುತ್ತಿದ್ದ ಲಾರಿ, ಬಸ್ಸು, ಕಾರುಗಳ ಹೆಡ್‌ಲೈಟಿನ ಗಾಜಿನ ನಡುವೆ, ದೃಷ್ಟಿ ತಾಗದಿರಲೆಂದು ಕೂಸಿನ ಕೆನ್ನೆಗೆ ಇಟ್ಟ ಕಾಡಿಗೆಯಂತೆ, ಒಂದು ಕಪ್ಪು ಬೊಟ್ಟು ಇರುತ್ತಿದ್ದುದು ನಡುವಯಸ್ಸು ದಾಟಿದವರಿಗೆಲ್ಲ ಜ್ಞಾಪಕವಿರಬಹುದು. ಪೊಲೀಸಿನವರೇ ಬಣ್ಣದ ಡಬ್ಬಿಯನ್ನೂ ಕುಂಚವನ್ನೂ ಹಿಡಿದು ರಸ್ತೆಯ ಅಂಚಿನಲ್ಲಿ ನಿಂತು, ಬಂದ ಬಂದ ವಾಹನದ ದೀಪದ ಮೇಲರ್ಧಕ್ಕೆ ಮಸಿ ಬಳಿದು ಕಳುಹುತ್ತಿದ್ದುದೂ ಉಂಟು. ಬೆಳಕಿನ ಶಾಸ್ತ್ರವನ್ನು ಬಲ್ಲವರು ಆ ಬೊಟ್ಟಿನ ಪ್ರಯೋಜನ ಅಷ್ಟಕ್ಕಷ್ಟೇ ಎಂದಾರು. ಆದರೆ ನನಗೆ ದಾರಿ ತೋರಿಸುವ ದೀಪವು ಅನ್ಯರ ಕಣ್ಣಿಗೂ ಬೀಳುವ ವಸ್ತುವೆಂಬ ಒಂದು ಒಪ್ಪಿಗೆ, ಎಷ್ಟೇ ಒರಟಾಗಿಯಾದರೂ, ಆ ಮಸಿಯಲ್ಲಿ ಬರೆಯಲ್ಪಟ್ಟಿದ್ದಿತು. ಈಗ ಬೊಟ್ಟು ಮಾಯವಾಗಿ, ನೀಲಿ ಛಾಯೆಯ ಎಚ್‌ಐಡಿ ಎಂಬ ಪ್ರಖರ ದೀಪಗಳು ಆ ಜಾಗಕ್ಕೆ ಬಂದಿವೆ.

ಈ ವಿಷಯದಲ್ಲಿ ನಾನು ನಿರ್ದೋಷಿಯೆಂದು ಹೇಳಿಕೊಳ್ಳುವಂತಿಲ್ಲ. ನನ್ನಲ್ಲಿರುವುದು ನಾಲ್ಕು ಸಿಲಿಂಡರಿನ ಹಳೆಯದೊಂದು ಪೆಟ್ರೋಲ್ ಕಾರು. ವರ್ಷ ಕಳೆದಂತೆ ಅದರ ಹೆಡ್‌ಲೈಟು ಮಂಕಾಗುತ್ತ ಬಂದು, ಮಳೆಗಾಲದ ರಾತ್ರಿಗಳಲ್ಲಿ ಹಾಸನದಿಂದಾಚೆಗೆ ರಸ್ತೆಯ ಅಂಚೇ ತೋರದ ಸ್ಥಿತಿ ಒದಗಿದಾಗ, ದೋಷವೆಲ್ಲಿದೆಯೆಂದು ವಿಚಾರಿಸುವ ಗೋಜಿಗೆ ಹೋಗದೆ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಅರ್ಧ ಗಂಟೆಯೊಳಗೆ ಎಚ್‌ಐಡಿ ಕಿಟ್ಟೊಂದನ್ನು ಹಾಕಿಸಿಕೊಂಡು ಬಂದೆನು. ಕೆಲಸ ಮಾಡಿದ ಹುಡುಗ ಎರಡು ಬ್ಯಾಲಸ್ಟುಗಳನ್ನು ಬ್ಯಾಟರಿಯ ಪಕ್ಕದ ತಗಡಿಗೆ ಡಬಲ್ ಟೇಪಿನಿಂದ ಅಂಟಿಸಿ, ಅರ್ತಿಂಗ್ ವೈರನ್ನು ಕೈಗೆ ಸಿಕ್ಕ ಬೋಲ್ಟಿಗೆ ಸುತ್ತಿ, ಸ್ವಿಚ್ಚು ಹಾಕಿ, "ನೋಡಿ ಸಾರ್, ಹಗಲು!" ಎಂದನು. ಎದುರಿನ ಗೋಡೆ ನಿಜವಾಗಿಯೂ ಹಗಲಾಯಿತು. ಆ ಹಗಲು ಗೋಡೆಯ ಯಾವ ಎತ್ತರದಲ್ಲಿ ಮುಗಿಯಿತೆಂಬುದನ್ನು ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ.

ನೋಡಬೇಕಾಗಿದ್ದುದು ಅದನ್ನೇ. ಮಾಮೂಲಿನ ಹ್ಯಾಲೊಜನ್ ಬಲ್ಬಿನಲ್ಲಿ ಬೆಳಗುವುದು ಕಾದ ಟಂಗ್‌ಸ್ಟನ್ ತಂತಿಯ ಪುಟ್ಟ ಸುರುಳಿ. 1971ರಲ್ಲಿ ಬಂದು ಇಂದಿಗೂ ಅಸಂಖ್ಯ ವಾಹನಗಳಲ್ಲಿರುವ ಎಚ್4 ಬಲ್ಬಿನೊಳಗೆ ಇಂಥ ಸುರುಳಿಗಳು ಎರಡು. ಡಿಮ್ಮಿನ ಸುರುಳಿಯ ಕೆಳಗೆ ಬಟ್ಟಲಿನಾಕಾರದ ಲೋಹದ ಮರೆಯೊಂದಿದ್ದು, ಕೆಳಕ್ಕೆ ಹರಿಯುವ ಬೆಳಕನ್ನು ಅದು ತಡೆಯುವುದರಿಂದ ಪ್ರತಿಫಲಕದ ಮೇಲರ್ಧಕ್ಕೆ ಮಾತ್ರ ಬೆಳಕು ತಾಗಿ, ಅಲ್ಲಿಂದ ತಲೆಬಾಗಿಸಿಕೊಂಡು ರಸ್ತೆಗೆ ಇಳಿಯುತ್ತದೆ. ಸುರುಳಿಯ ಉದ್ದ, ಅದರ ಸ್ಥಾನ, ಬಟ್ಟಲಿನ ಅಂಚು, ಪ್ರತಿಫಲಕದ ಬಾಗು ಇವೆಲ್ಲವೂ ಒಂದಕ್ಕೊಂದು ಮಿಲಿಮೀಟರಿನ ಲೆಕ್ಕದಲ್ಲಿ ಒಗ್ಗಿಕೊಂಡಿರತಕ್ಕವು. ಎಚ್‌ಐಡಿ ಬಲ್ಬಿನಲ್ಲಾದರೋ ತಂತಿಯೇ ಇಲ್ಲ. ಕ್ವಾರ್ಟ್ಸ್ ಗಾಜಿನ ಗೂಡೊಂದರೊಳಗೆ ಕ್ಸೆನಾನ್ ಅನಿಲವನ್ನೂ ಲೋಹದ ಲವಣಗಳನ್ನೂ ತುಂಬಿ, ಎದುರುಬದುರಾದ ಎರಡು ವಿದ್ಯುದಗ್ರಗಳ ನಡುವೆ ಬ್ಯಾಲಸ್ಟಿನ ಸಹಾಯದಿಂದ ಸುಮಾರು 20,000 ವೋಲ್ಟಿನ ಹೊಡೆತ ಕೊಟ್ಟರೆ ಕಿಡಿ ಹಾರಿ ಜ್ವಾಲೆಯ ಸೇತುವೆಯೊಂದು ಕಟ್ಟಿಕೊಳ್ಳುತ್ತದೆ. ಆಮೇಲೆ ಅದನ್ನು ಉಳಿಸಿಕೊಳ್ಳಲು 35 ವಾಟ್ ಸಾಕು. 55 ವಾಟ್ ತಿಂದು ಹ್ಯಾಲೊಜನ್ ಡಿಮ್ಮು ಕೊಡುವ ಬೆಳಕು ಸುಮಾರು 1,000 ಲ್ಯೂಮೆನ್ ಆದರೆ, ಇದು 35 ವಾಟಿನಲ್ಲಿ 3,000ದಷ್ಟು ಕೊಡುತ್ತದೆ. ಸಾಧನೆ ಸಾಮಾನ್ಯವಾದುದಲ್ಲ. 1991ರಲ್ಲಿ ಬಿಎಂಡಬ್ಲ್ಯೂ ಕಂಪನಿ ತನ್ನ 7 ಸರಣಿಯ ಕಾರಿಗೆ ಇದನ್ನು ಮೊದಲು ಅಳವಡಿಸಿದಾಗ ದೀಪದ ಮನೆಯನ್ನೇ ಈ ಜ್ವಾಲೆಗೆಂದು ಕಟ್ಟಿತ್ತು. 2,000 ಲ್ಯೂಮೆನ್ನನ್ನು ಮೀರುವ ದೀಪಕ್ಕೆ, ಕಾರಿನ ಹಿಂಭಾಗದ ಭಾರಕ್ಕೆ ತಕ್ಕಂತೆ ತಾನೇ ಬಗ್ಗುವ ಏರ್ಪಾಟೂ ಗಾಜನ್ನು ತೊಳೆಯುವ ಏರ್ಪಾಟೂ ಇರತಕ್ಕದ್ದೆಂದು ಯುರೋಪಿನ ನಿಯಮ ಹೇಳುತ್ತದೆ. ಕಿಟ್ಟಿನಲ್ಲಿ ಇವೊಂದೂ ಇಲ್ಲ. ತಂತಿಗೆಂದು ಕಟ್ಟಿದ ಮನೆಯಲ್ಲಿ ಜ್ವಾಲೆ ಬಂದು ಬಾಡಿಗೆಗೆ ಕೂರುತ್ತದೆ. ಜ್ವಾಲೆ ಸುರುಳಿಯಂತೆ ನೆಟ್ಟಗಿಲ್ಲ. ಮೇಲಕ್ಕೆ ಬಿಲ್ಲಿನಂತೆ ಬಾಗಿ, ಎರಡು ತುದಿಗಳಲ್ಲಿ ಹೆಚ್ಚು ಉಜ್ವಲವಾಗಿರುತ್ತದೆ. ಈ ವ್ಯತ್ಯಾಸ ಪ್ರತಿಫಲಕದಲ್ಲಿ ಹಿಗ್ಗಿ, ಬೆಳಕು ಹೋಗಬಾರದ ಕಡೆಗೆಲ್ಲ ಚೆಲ್ಲುತ್ತದೆ. ಇನ್ನು 6,000, 8,000 ಕೆಲ್ವಿನ್ ಎಂದು ಅಂಗಡಿಯವರು ಹೊಗಳುವ ಸಂಖ್ಯೆಗಳು ಬಣ್ಣವನ್ನು ಹೇಳುತ್ತವೆಯೇ ಹೊರತು ಬೆಳಕಿನ ಮೊತ್ತವನ್ನಲ್ಲ. ನೀಲಿಯಾದಷ್ಟೂ ದಾರಿಗೆ ದಕ್ಕುವ ಬೆಳಕು ಕಡಮೆಯೇ ಆಗುತ್ತದೆ.

ಈ ಜ್ಞಾನವೆಲ್ಲ ನನಗೆ ಲಭಿಸಿದ್ದು ಆಮೇಲೆ. ಮೊದಲ ಪಾಠ ಆದುದು ಶಿರಾಡಿ ಘಾಟಿಯಲ್ಲಿ. ಲಾರಿಯೊಂದರ ಬೆನ್ನಿಗೆ ಬಿದ್ದು, ನನ್ನ ಬೆಳಕಿನ ವೈಭವಕ್ಕೆ ನಾನೇ ಮೆಚ್ಚುತ್ತ ಕೆಳಗಿಳಿದು, ಗುಂಡ್ಯದ ಚಹದಂಗಡಿಯ ಮುಂದೆ ಕಾರು ನಿಲ್ಲಿಸಿದರೆ, ಆ ಲಾರಿಯೂ ಅಲ್ಲೇ ನಿಂತಿತು. ಚಾಲಕನು ನನಗಿಂತ ಹಿರಿಯನು, ಕೋಪವಿಲ್ಲದೆ, ಆದರೆ ಕಣ್ಣುಜ್ಜಿಕೊಳ್ಳುತ್ತಲೇ ಬಂದು, "ಏನ್ ಸ್ವಾಮಿ, ಡಿಮ್ ಮಾಡಿ ಅಂತ ಕೈ ಆಡ್ಸಿ ಆಡ್ಸಿ ಸಾಕಾಯ್ತು. ಕನ್ನಡಿ ತುಂಬ ನಿಮ್ದೇ ಬೆಳಕು, ತಿರುವಿನಲ್ಲಿ ನಮ್ಗೆ ರೋಡೇ ಕಾಣ್ಲಿಲ್ಲ" ಎಂದನು. ಡಿಮ್ಮಿನಲ್ಲೇ ಇದ್ದೆನೆಂದು ನಾನು ಹೇಳಿದೆನು. ಆತ ನನ್ನ ಕಾರಿನ ಮುಂದಕ್ಕೆ ಹೋಗಿ, ಆಗಷ್ಟೇ ಆರಿದ ದೀಪವನ್ನು ಒಂದು ಗಳಿಗೆ ನೋಡಿ, "ಇದು ಡಿಮ್ಮಾ?" ಎಂದಷ್ಟೇ ಕೇಳಿ, ಚಹದ ಲೋಟ ತೆಗೆದುಕೊಂಡು ಅತ್ತ ಹೋದನು. ಬೈಗುಳವಾಗಿದ್ದರೆ ಮರೆತುಬಿಡುತ್ತಿದ್ದೆನು.

ಎರಡು ತಿಂಗಳ ಮೇಲೆ ಎಂಜಿನ್ನಿಗೆ ಮಿಸ್ಸಿಂಗ್ ಶುರುವಾಯಿತು. ಸಕಲೇಶಪುರದ ಏರಿನಲ್ಲಿ ಕಾಲೊತ್ತಿದರೆ ಕಾರು ಬಿಕ್ಕಳಿಸುವುದು, ನಿಂತಲ್ಲಿ ಗಡಗಡ ನಡುಗುವುದು, ಡ್ಯಾಷ್‌ಬೋರ್ಡಿನಲ್ಲಿ ಎಂಜಿನ್ನಿನ ಹಳದಿ ದೀಪ ಮಿನುಗುವುದು. ಅಗ್ಗದ ಬ್ಯಾಲಸ್ಟುಗಳಿಂದ ಹೊಮ್ಮುವ ವಿದ್ಯುತ್ ಗದ್ದಲವು ಎಂಜಿನ್ನನ್ನು ನಿಯಂತ್ರಿಸುವ ಇಸಿಎಂ ಪೆಟ್ಟಿಗೆಯನ್ನು ತಬ್ಬಿಬ್ಬು ಮಾಡುವುದುಂಟೆಂದು ಕೇಳಿದ್ದೆನಾದುದರಿಂದಲೂ, ಗುಂಡ್ಯದ ತರುವಾಯ ಆ ದೀಪದ ಮೇಲೆ ನನಗೊಂದು ಬಗೆಯ ಹಗೆಯೇ ಹುಟ್ಟಿದ್ದುದರಿಂದಲೂ, ಅಪರಾಧಿ ಅದೇ ಎಂದು ಸಾಕ್ಷಿಗೆ ಮೊದಲೇ ತೀರ್ಪು ಬರೆದಿಟ್ಟುಕೊಂಡು ಹಾಸನದ ಗ್ಯಾರೇಜೊಂದಕ್ಕೆ ಹೋದೆನು. ಅಲ್ಲಿನ ಮೇಸ್ತ್ರಿ ನನ್ನ ತೀರ್ಪನ್ನು ಪೂರ್ತಿಯಾಗಿ ಆಲಿಸಿ, "ಇರ್ಬಹುದು ಸಾರ್, ಲೈಟ್ ಆಫ್ ಮಾಡಿ ನೋಡೋಣ" ಎಂದನು. ಆಫ್ ಮಾಡಿದರೂ ಮಿಸ್ಸಿಂಗ್ ಹೋಗಲಿಲ್ಲ. ಬ್ಯಾಲಸ್ಟಿನ ಪ್ಲಗ್ಗನ್ನೇ ಕಿತ್ತಿಟ್ಟರೂ ಹೋಗಲಿಲ್ಲ. ಬಳಿಕ ಎಂಜಿನ್ ಓಡುತ್ತಿರುವಂತೆಯೇ ಒಂದೊಂದು ಸಿಲಿಂಡರಿಗೂ ಕಿಡಿ ಒದಗಿಸುವ ಕಾಯಿಲಿನ ಕನೆಕ್ಟರನ್ನು ಕಳಚಿ ಕಿವಿಗೊಟ್ಟನು: ಒಂದನ್ನು ತೆಗೆದಾಗ ಸದ್ದು ಕುಂಟಿತು, ಎರಡನೆಯದಕ್ಕೂ ಕುಂಟಿತು, ನಾಲ್ಕನೆಯದಕ್ಕೂ ಕುಂಟಿತು, ಮೂರನೆಯದನ್ನು ತೆಗೆದಾಗ ಏನೂ ಆಗಲಿಲ್ಲ. ಕೆಲಸವನ್ನೇ ಮಾಡದವನು ರಜೆ ಹಾಕಿದರೆ ಕಚೇರಿಗೇನು ತಿಳಿದೀತು! ಆದರೂ ಆತ ಕೂಡಲೆ ಹೊಸ ಕಾಯಿಲು ತರಿಸಲಿಲ್ಲ. ಮೂರರ ಕಾಯಿಲನ್ನು ಎರಡಕ್ಕೂ ಎರಡರದನ್ನು ಮೂರಕ್ಕೂ ಅದಲುಬದಲು ಮಾಡಿದನು. ಮಿಸ್ಸಿಂಗು ಕಾಯಿಲಿನ ಹಿಂದೆಯೇ ಎರಡಕ್ಕೆ ನಡೆದುಹೋಯಿತು. ಆಗ ಮಾತ್ರ, "ಇದೇ" ಎಂದನು.

ಆ ಕಾಯಿಲಿನ ರಬ್ಬರ್ ಕೊಳವೆಯ ಮೇಲೆ ಕೂದಲೆಳೆಯಷ್ಟು ಸಣ್ಣದೊಂದು ಸುಟ್ಟ ಗೆರೆಯಿತ್ತು. ಸ್ಪಾರ್ಕ್ ಪ್ಲಗ್ಗಿನ ಗ್ಯಾಪಿನೊಳಗೆ ಫೀಲರ್ ಗೇಜಿನ ತಗಡುಗಳನ್ನು ತೂರಿಸಿ ನೋಡಿದರೆ 1.1 ಮಿಲಿಮೀಟರು ಇರಬೇಕಾದ ಅಂತರ ಸವೆದು 1.5ಕ್ಕೆ ಹೋಗಿತ್ತು. ಅಂತರ ಹಿರಿದಾದಷ್ಟೂ ಕಿಡಿ ದಾಟಲು ಹೆಚ್ಚಿನ ವೋಲ್ಟು ಬೇಕು. ದಾಟಲಾರದ ವಿದ್ಯುತ್ತು ಹಳೆಯ ರಬ್ಬರನ್ನು ಸೀಳಿಕೊಂಡು ಪಕ್ಕದ ಲೋಹಕ್ಕೆ ಜಿಗಿಯುತ್ತದೆ. ಸಿಲಿಂಡರಿನೊಳಗಣ ಪೆಟ್ರೋಲು ಹತ್ತದೆ ಹಾಗೆಯೇ ಸೈಲೆನ್ಸರಿನ ಕಡೆಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಬೇಯಿಸಿಬಿಡುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಸಲ ಕಿಡಿ ಹಾರಿಸಬೇಕು. ನನ್ನ ದೀಪವೂ ಕಿಡಿಯ ಸಂಸಾರದ್ದೇ ಆದುದರಿಂದ ಒಂದರ ಪಾಪವನ್ನು ಇನ್ನೊಂದಕ್ಕೆ ಕಟ್ಟಲು ಹೊರಟಿದ್ದೆನು. ಮೇಸ್ತ್ರಿ ಹೊಸ ಕಾಯಿಲೊಂದನ್ನೂ ನಾಲ್ಕು ಪ್ಲಗ್ಗುಗಳನ್ನೂ ಹಾಕಿದ ಮೇಲೆ, ಎಂಜಿನ್ನಿನ ಅರ್ತಿಂಗ್ ಬೋಲ್ಟಿಗೇ ಸುತ್ತಿದ್ದ ಬ್ಯಾಲಸ್ಟಿನ ವೈರನ್ನು ಬಿಚ್ಚಿ, "ತಪ್ಪು ಇದರದ್ದಲ್ಲ. ಆದ್ರೂ ಇಲ್ಲಿರ್ಬಾರ್ದು" ಎಂದನು.

ಆತನ ಈ ತಾಳ್ಮೆಯನ್ನು ಕಂಡಮೇಲೆಯೇ, ನನ್ನ ಹಳೆಯ ದೀಪ ಮಂಕಾದುದೇಕೆಂಬ ಪ್ರಶ್ನೆಯನ್ನು ನಾನು ಯಾರಿಗೂ ಕೇಳಿರಲೇ ಇಲ್ಲವೆಂಬುದು ನನಗೆ ಹೊಳೆದುದು. ಕೇಳಿದೆನು. ಹಳೆಯ ಬಲ್ಬನ್ನು ಹಾಕಿ ಮೀಟರು ಹಿಡಿದರೆ, ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬಿನ ಹೋಲ್ಡರಿನಲ್ಲಿ 11.4. ಮಿಕ್ಕುದನ್ನು ತೆಳುವಾದ ವೈರೂ ತುಕ್ಕು ಹಿಡಿದ ಕನೆಕ್ಟರುಗಳೂ ಹಾದಿಯಲ್ಲೇ ಸುಂಕ ಕಿತ್ತುಕೊಳ್ಳುತ್ತಿದ್ದುವು. ಹ್ಯಾಲೊಜನ್ನಿನ ಸ್ವಭಾವವೆಂದರೆ ವೋಲ್ಟು ಸ್ವಲ್ಪ ತಗ್ಗಿದರೂ ಬೆಳಕು ಬಹಳ ತಗ್ಗುವುದು. ಇಷ್ಟು ಕೊರತೆಗೆ ಬೆಳಕು ಸರಿಸುಮಾರು ಅರ್ಧವಾಗುತ್ತದೆ. ಬ್ಯಾಟರಿಯಿಂದಲೇ ದಪ್ಪ ವೈರೆಳೆದು ಎರಡು ರಿಲೇ ಹಾಕಿ, ಹಳದಿಗಟ್ಟಿದ ಹೆಡ್‌ಲೈಟಿನ ಮುಖವನ್ನು ಉಜ್ಜಿ ಪಾಲಿಷ್ ಮಾಡಿಸಿ, 60/55 ವಾಟಿನ ಮಾಮೂಲಿ ಬಲ್ಬನ್ನೇ ಮರಳಿ ಕೂರಿಸಿದೆವು. ಸಂಜೆ ಗ್ಯಾರೇಜಿನ ಗೋಡೆಯಿಂದ ಹತ್ತು ಮೀಟರು ದೂರದಲ್ಲಿ ಕಾರು ನಿಲ್ಲಿಸಿ, ದೀಪದ ಎತ್ತರಕ್ಕಿಂತ ಹತ್ತು ಸೆಂಟಿಮೀಟರು ಕೆಳಗೆ ಸೀಮೆಸುಣ್ಣದ ಗೆರೆ ಎಳೆದು, ಡಿಮ್ಮಿನ ಬೆಳಕಿನ ಅಂಚು ಆ ಗೆರೆಯ ಮೇಲೆ ಬಂದು ಕೂರುವವರೆಗೆ ಸ್ಕ್ರೂ ತಿರುಗಿಸಿದೆವು. ಕಿಟ್ಟಿಗೆ ಕೊಟ್ಟ ಹಣದ ಅರ್ಧವೂ ಖರ್ಚಾಗಲಿಲ್ಲ.

ಕಾನೂನಿಗೇನೂ ಬರವಿಲ್ಲ. ತಯಾರಕನು ಕೊಟ್ಟ ಸ್ವರೂಪವನ್ನು ಮನಬಂದಂತೆ ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ದೀಪದಿಂದ ಎಂಟು ಮೀಟರು ಮುಂದೆ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ, ವಾಹನದ ಬಲಮಗ್ಗುಲಿಗೆ ಅರ್ಧ ಮೀಟರು ಆಚೆ ಇರುವ ಕಣ್ಣನ್ನು ಬೆಳಕು ಕೋರೈಸಬಾರದೆಂದು 1989ರ ಕೇಂದ್ರ ನಿಯಮಗಳಲ್ಲಿ 106ನೆಯದು ಅಳತೆ ಹಿಡಿದೇ ಬರೆದಿದೆ. ಕಣ್ಣು ಕುಕ್ಕುವ ದೀಪಗಳ ಮೇಲೆ 2024ರ ಜುಲೈಯಿಂದ ಪ್ರಕರಣ ಹೂಡಬೇಕೆಂದು ನಮ್ಮ ರಾಜ್ಯದ ಪೊಲೀಸರೂ ಹೊರಟರು. ಒಳ್ಳೆಯ ಕೆಲಸವೇ, ಆದರೆ ಹಗಲಲ್ಲಿ ಬಹಿರಂಗವಾಗಿ ಮಾರಾಟವಾದುದನ್ನು ಕತ್ತಲಲ್ಲಿ ರಸ್ತೆಬದಿ ನಿಂತು ಹಿಡಿಯುವ ಈ ಕ್ರಮದಲ್ಲಿ ಮಾರಿದವನು ಯಾವ ಮಾತಿಗೂ ಸಿಕ್ಕುವುದಿಲ್ಲ, ದಂಡ ಕಟ್ಟಿದವನ ದೀಪ ನಾಳೆಯೂ ಹಾಗೆಯೇ ಉರಿಯುತ್ತಿರುತ್ತದೆ. ಖಾಸಗಿ ಕಾರೊಂದು ನೋಂದಣಿಯಾದ ಮೇಲೆ ಹದಿನೈದು ವರ್ಷದ ತನಕ ಅದರ ದೀಪವನ್ನು ಕಡ್ಡಾಯವಾಗಿ ನೋಡತಕ್ಕವರು ಯಾರೂ ಇಲ್ಲವೆಂಬುದು ಇದಕ್ಕಿಂತ ದೊಡ್ಡ ಲೋಪ.

ನನ್ನ ಸೂಚನೆ ಸರಳವಾದುದು. ವರ್ಷಕ್ಕೊಮ್ಮೆಯಾದರೂ ಎಮಿಷನ್ ಟೆಸ್ಟಿಗೆಂದು ಪ್ರತಿಯೊಂದು ಕಾರೂ ಹೇಗಿದ್ದರೂ ಬಂದು ನಿಲ್ಲುತ್ತದೆ. ಹಿಂದಿನ ಕೊಳವೆಯನ್ನು ಪರೀಕ್ಷಿಸುವ ಆ ಸ್ಥಳದಲ್ಲೇ ಮುಂದಿನ ದೀಪವನ್ನೂ ಪರೀಕ್ಷಿಸಿ, ಬೆಳಕಿನ ಅಂಚು ಗೆರೆಯನ್ನು ಮೀರಿ ಮೇಲಕ್ಕೇರಿದ್ದರೆ ಚೀಟಿ ನಿರಾಕರಿಸಲಿ. ಕಂಪನಿಯಿಂದಲೇ ಎಲ್‌ಇಡಿ ಹಾಕಿಸಿಕೊಂಡು ಬಂದ ಹೊಸ ಕಾರುಗಳೂ ಅಳವಡಿಕೆ ಸಡಿಲವಾದಾಗ ಕಣ್ಣು ಕೀಳುತ್ತವೆ. ಗೆರೆಯಾದರೋ ದೀಪದ ಕುಲಗೋತ್ರ ಕೇಳುವುದಿಲ್ಲ. ಇನ್ನೊಂದು ತಪಾಸಣೆ, ಇನ್ನೊಂದು ಶುಲ್ಕ, ಲಂಚಕ್ಕೆ ಇನ್ನೊಂದು ಬಾಗಿಲು ಎಂದು ಗೊಣಗುವವರ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೂ ಗೋಡೆಯ ಮೇಲಣ ಗೆರೆ ಎಲ್ಲರಿಗೂ ಕಾಣುವಂಥದು, ಹೊಗೆಯ ಅಂಕಿಯಂತೆ ಯಂತ್ರದೊಳಗೆ ಅಡಗಿರುವಂಥದಲ್ಲ.

ಮೊನ್ನೆ ಮುಸ್ಸಂಜೆಯಲ್ಲಿ ನನ್ನ ಕಾರಿನ ಎಮಿಷನ್ ಟೆಸ್ಟು ಮಾಡಿಸಲು ಹೋಗಿದ್ದೆನು. ಹುಡುಗ ಸೈಲೆನ್ಸರಿಗೆ ನಳಿಕೆ ತೂರಿಸಿ, ನಂಬರ್ ಪ್ಲೇಟಿನ ಫೋಟೋ ತೆಗೆದುಕೊಂಡು, ಚೀಟಿ ಹರಿದುಕೊಟ್ಟನು. ನನ್ನ ಹಿಂದಿನ ಕಾರಿನವರು ಹೆಡ್‌ಲೈಟು ಆರಿಸಿರಲಿಲ್ಲ. ಅದರ ನೀಲಿ ಬೆಳಕು ಎದುರಿನ ಕಿರಾಣಿ ಅಂಗಡಿಯ ಬೋರ್ಡಿನವರೆಗೆ ಏರಿತ್ತು. ಹುಡುಗ ಎಡಗೈಯನ್ನು ಹಣೆಗೆ ಅಡ್ಡ ಹಿಡಿದು, ಮುಖವನ್ನು ಓರೆ ಮಾಡಿ, ಅಂದಾಜಿನ ಮೇಲೆ ನಂಬರ್ ಪ್ಲೇಟಿನ ಕಡೆಗೆ ಮೊಬೈಲು ಚಾಚಿದನು. ಮೊದಲ ಫೋಟೋದಲ್ಲಿ ಬೆಳಕಿನ ಹೊರತು ಏನೂ ಬರಲಿಲ್ಲ. "ಸಾರ್, ಲೈಟ್ ಒಂದ್ ನಿಮಿಷ ಆಫ್ ಮಾಡ್ತೀರಾ" ಎಂದು ಕೇಳಿಕೊಂಡು, ಅದು ಆರಿದ ಮೇಲೆ ಇನ್ನೊಂದು ತೆಗೆದು, ಅವರಿಗೂ ಚೀಟಿ ಕೊಟ್ಟು ಕಳುಹಿದನು.